ಹನುಮಂತನಗರದ ಗಾಣದ ಅಂಗಡಿ: ಎಣ್ಣೆ ಚೆನ್ನಾಗಿದೆ, ಆ ಬೋರ್ಡ್ ಮಾತ್ರ ಬೇಡ

ಮೊದಲು ಎಣ್ಣೆ ವಿಷಯ ಹೇಳಿಬಿಡುತ್ತೇನೆ. ಹನುಮಂತನಗರದಲ್ಲಿ ನಮ್ಮ ಮನೆಯಿಂದ ಎರಡು ಕ್ರಾಸ್ ಆಚೆ ಒಂದು ಮರದ ಗಾಣದ ಅಂಗಡಿ ಇದೆ. ಏಳೆಂಟು ತಿಂಗಳಿಂದ ಕಡಲೆಕಾಯಿ ಎಣ್ಣೆ ಅಲ್ಲಿಂದಲೇ ತರುತ್ತಿದ್ದೇನೆ. ಕಣ್ಣ ಮುಂದೆಯೇ ಅರೆದು ಕೊಡುತ್ತಾರೆ. ಬೀಜ ಸುರಿದ ಮೇಲೆ ಸ್ವಲ್ಪ ಹೊತ್ತು ಬರೀ ಕರಕರ ಸದ್ದು, ಆಮೇಲೆ ಅದು ಮುದ್ದೆಯಾಗಿ ಗಾಣದ ಗೋಡೆಗೆ ಅಂಟಿಕೊಳ್ಳುತ್ತೆ, ಅಂಚಿನಲ್ಲಿ ಎಣ್ಣೆ ಮಿನುಗಲು ಶುರುವಾಗುತ್ತೆ, ಅಷ್ಟರಲ್ಲಿ ಇಡೀ ಅಂಗಡಿ ಕಡಲೆಕಾಯಿ ಪರಿಷೆ ಥರ ಘಮಘಮ. ಹಿಂಡಿ ಮುಟ್ಟಿ ನೋಡಿದೆ, ಉಗುರುಬೆಚ್ಚಗಿತ್ತು ಅಷ್ಟೆ. ಲೀಟರಿಗೆ 380 ರೂಪಾಯಿ. ಜಾಸ್ತಿ ಅನಿಸಬಹುದು, ಆದರೆ ಒಂದು ಲೀಟರ್ ಎಣ್ಣೆಗೆ ಹೆಚ್ಚುಕಮ್ಮಿ ಎರಡೂವರೆ ಕೆಜಿ ಬೀಜ ಬೇಕು, ಲೆಕ್ಕ ಹಾಕಿದರೆ ದುಬಾರಿಯಲ್ಲ. ಎಣ್ಣೆಗಾಯಿಗೂ ಚಿತ್ರಾನ್ನದ ಒಗ್ಗರಣೆಗೂ ಇದರ ರುಚಿಯೇ ಬೇರೆ. ಕೊಬ್ಬರಿ ಎಣ್ಣೆಯೂ ಚೆನ್ನಾಗಿದೆ. ಎಳ್ಳೆಣ್ಣೆ ನನಗೆ ಸ್ವಲ್ಪ ಕಹಿ ಅನಿಸಿತು.

ಇಷ್ಟಾದರೂ ಮೂರೇ ಸ್ಟಾರ್ ಕೊಟ್ಟಿದ್ದೇನೆ. ಕಾರಣ ಗಲ್ಲಾಪೆಟ್ಟಿಗೆಯ ಹಿಂದೆ ನೇತುಹಾಕಿರುವ ಫ್ಲೆಕ್ಸ್. ಹೋದ ತಿಂಗಳು ಬಂದಿದ್ದು ಅದು. ರಿಫೈನ್ಡ್ ಎಣ್ಣೆ ಬಿಟ್ಟು ಗಾಣದ ಎಣ್ಣೆ ತಿಂದರೆ ಹೆಂಗಸರಿಗೆ ಗರ್ಭಕೋಶದ ಕ್ಯಾನ್ಸರ್ ಬರುವುದಿಲ್ಲ ಅಂತ ದಪ್ಪ ಅಕ್ಷರದಲ್ಲಿ ಬರೆಸಿದ್ದಾರೆ.

ಅವತ್ತು ನನ್ನ ಜೊತೆ ಚಿಕ್ಕಮ್ಮ ಇದ್ದರು. ಅವರಿಗೆ ಎರಡು ವರ್ಷದ ಹಿಂದೆ ಇದೇ ಕಾಯಿಲೆ ಆಗಿತ್ತು. ಗರ್ಭಕೋಶದ ಒಳಪದರದಲ್ಲಿ ಬರುವಂಥದ್ದು, ಎಂಡೊಮೆಟ್ರಿಯಲ್ ಕ್ಯಾನ್ಸರ್. ಫ್ಲೆಕ್ಸನ್ನು ನಿಧಾನಕ್ಕೆ ಪೂರ್ತಿ ಓದಿ, ಕೈಯಲ್ಲಿದ್ದ ಸ್ಟೀಲ್ ಕ್ಯಾನ್ ಕೆಳಗಿಟ್ಟು, 'ನಾನು ಚಳ್ಳಕೆರೆಯಲ್ಲಿ ಹುಟ್ಟಿದವಳು ಕಣೇ, ಮದುವೆಯಾಗಿ ಬಂದ ಮೇಲೂ ಊರಿಂದ ಗಾಣದ ಎಣ್ಣೆನೇ ತರಿಸ್ತಿದ್ದೆ, ಮತ್ತೆ ನಂಗ್ಯಾಕೆ ಬಂತು?' ಅಂದರು. ನಾನೇನು ತಪ್ಪು ಮಾಡಿದೆ ಅನ್ನುವ ಹಾಗೆ ಕೇಳಿದರು. ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು.

ಅವರ ಚಿಕಿತ್ಸೆ ನಡೆಯುವಾಗ ಡಾಕ್ಟರನ್ನು ಕೇಳಿ, ಓದಿ ತಿಳಿದುಕೊಂಡಿದ್ದನ್ನು ಇಲ್ಲಿ ಬರೆಯುತ್ತೇನೆ, ಯಾಕೆಂದರೆ ಆ ಫ್ಲೆಕ್ಸ್ ಓದಿ ನಂಬುವ ಹೆಂಗಸರು ತುಂಬಾ ಜನ ಇದ್ದಾರೆ. ನಾವು ತಿನ್ನುವ ಕೊಬ್ಬಿಗೂ ಈ ಕ್ಯಾನ್ಸರಿಗೂ ನೇರ ನಂಟು ಇದೆಯಾ ಅಂತ ಎಷ್ಟೋ ವರ್ಷದಿಂದ ಹುಡುಕಿದ್ದಾರೆ. ಕಾಯಿಲೆ ಬಂದವರನ್ನು ಕೂರಿಸಿ ಹಿಂದೆ ಏನು ತಿಂದಿರಿ ಅಂತ ಕೇಳಿದ ಹಲವು ಅಧ್ಯಯನಗಳಲ್ಲಿ ನಂಟು ಕಂಡಿತು. ಆರೋಗ್ಯವಾಗಿದ್ದವರನ್ನೇ ಮೊದಲಿಂದ ವರ್ಷಗಟ್ಟಲೆ ಗಮನಿಸಿದಾಗ ಅದು ಹೆಚ್ಚಾಗಿ ಕಾಣಲಿಲ್ಲ. ಅಮೆರಿಕದಲ್ಲಿ ಮುಟ್ಟು ನಿಂತ 48,835 ಹೆಂಗಸರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಕೊಬ್ಬು ಕಡಿಮೆ ಇರುವ ಊಟ ರೂಢಿ ಮಾಡಿಸಿ, ಸುಮಾರು 8 ವರ್ಷ ನೋಡಿದರು. 2007ರಲ್ಲಿ ಲೆಕ್ಕ ಬಂತು: ಈ ಕ್ಯಾನ್ಸರಿನ ಮಟ್ಟಿಗೆ ಎರಡೂ ಗುಂಪಿನ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಹಾಗಿರುವಾಗ ಗಾಣದ್ದು ತಡೆಯುತ್ತೆ, ರಿಫೈನ್ಡ್ ತರುತ್ತೆ ಅಂತ ಹೇಗೆ ಬರೆಸುತ್ತಾರೆ?

ತಟ್ಟೆಯ ಕೊಬ್ಬಿಗಿಂತ ಮೈಯ ಕೊಬ್ಬಿನ ಮಾತು ಗಟ್ಟಿ. ಮುಟ್ಟು ನಿಂತ ಮೇಲೆ ಅಂಡಾಶಯ ಈಸ್ಟ್ರೋಜನ್, ಪ್ರೊಜೆಸ್ಟರಾನ್ ಅನ್ನುವ ಹೆಣ್ಣು ಹಾರ್ಮೋನುಗಳನ್ನು ಮಾಡುವುದನ್ನು ಹೆಚ್ಚುಕಮ್ಮಿ ನಿಲ್ಲಿಸಿಬಿಡುತ್ತೆ. ಆದರೆ ಮೈಯಲ್ಲಿ ಸೇರಿಕೊಂಡ ಬೊಜ್ಜು ಸುಮ್ನೆ ಕೂತಿರುವುದಿಲ್ಲ, ಬೇರೆ ಹಾರ್ಮೋನುಗಳನ್ನು, ಗರ್ಭಕೋಶದ ಒಳಪದರ ಬೆಳೆಸುವ ಈಸ್ಟ್ರೋಜನ್ ಆಗಿ ಬದಲಾಯಿಸುತ್ತಲೇ ಇರುತ್ತೆ. ಅದನ್ನು ಹಿಡಿತದಲ್ಲಿಡುವ ಪ್ರೊಜೆಸ್ಟರಾನ್ ಆಗ ಇರುವುದಿಲ್ಲ, ಗರ್ಭಕೋಶದ ಒಳಪದರ ಬೆಳೆಯುತ್ತಾ ಹೋಗುತ್ತೆ. ಬೊಜ್ಜಿನಿಂದ ಅಪಾಯ ಹೆಚ್ಚುವ 13 ಬಗೆಯ ಕ್ಯಾನ್ಸರುಗಳ ಪಟ್ಟಿಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2016ರಲ್ಲಿ ಕೊಟ್ಟಿತು, ಅದರಲ್ಲಿ ಇದೂ ಇದೆ. ಸಕ್ಕರೆ ಕಾಯಿಲೆ, ಪಿಸಿಒಎಸ್ (ಹಾರ್ಮೋನು ಏರುಪೇರಾಗಿ ಮುಟ್ಟು ತಪ್ಪುವ ತೊಂದರೆ) ಇರುವವರಿಗೂ ಅಪಾಯ ಜಾಸ್ತಿ. ಹಾಗಂತ ತೆಳ್ಳಗಿರುವವರಿಗೆ ಬರುವುದೇ ಇಲ್ಲ ಅಂತಲ್ಲ, ಬಂದವರೆಲ್ಲ ತಿಂದು ಬರಿಸಿಕೊಂಡರು ಅಂತಲೂ ಅಲ್ಲ. ಇದನ್ನು ಚಿಕ್ಕಮ್ಮನಿಗೆ ಎರಡೆರಡು ಸಲ ಹೇಳಿದೆ.

ಎಣ್ಣೆಯಲ್ಲಿ ನೋಡಬೇಕಾಗಿದ್ದು ಅಳತೆ. ಯಾವ ಎಣ್ಣೆಯಾದರೂ, ಗಾಣದ್ದೇ ಇರಲಿ ಪ್ಯಾಕೆಟ್ಟಿದ್ದೇ ಇರಲಿ, ಒಂದು ಗ್ರಾಂಗೆ 9 ಕ್ಯಾಲೊರಿ. ಮನೆಯಲ್ಲಿ ಬರೀ ಇಬ್ಬರಿದ್ದು ತಿಂಗಳಿಗೆ ಮೂರು ಲೀಟರ್ ಖಾಲಿಯಾದರೆ ಒಬ್ಬರಿಗೆ ದಿನಕ್ಕೆ 45 ಗ್ರಾಂ ಆಯಿತು, ಅಂದರೆ ಎಣ್ಣೆಯಿಂದಲೇ 400 ಕ್ಯಾಲೊರಿ. ಕೂತು ಕೆಲಸ ಮಾಡುವವರಿಗೆ 20-25 ಗ್ರಾಂ ಸಾಕು. 'ಗಾಣದ್ದು ತಾನೇ, ಒಳ್ಳೇದು' ಅಂತ ಒಂದು ಸೌಟು ಜಾಸ್ತಿ ಸುರಿಯುವ ಅಭ್ಯಾಸ ನಮ್ಮ ಮನೆಗೂ ಬಂದಿತ್ತು, ಈಗ ಡಬ್ಬಿಯ ಮೇಲೆ ತಂದ ತಾರೀಖು ಬರೆದಿಡುತ್ತೇನೆ.

ಇನ್ನೊಂದು ವಿಷಯ, ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು. ಮುಟ್ಟು ನಿಂತು ಆರು ವರ್ಷವಾದ ಮೇಲೆ ಚಿಕ್ಕಮ್ಮನಿಗೆ ಒಂದು ದಿನ ಲಂಗದ ಮೇಲೆ ರೂಪಾಯಿ ಅಗಲದ ರಕ್ತದ ಕಲೆ ಕಂಡಿತಂತೆ. ಉಷ್ಣ ಆಗಿರಬೇಕು ಅಂತ ನಾಲ್ಕು ತಿಂಗಳು ಎಳನೀರು, ಮೆಂತ್ಯ ಹಾಕಿದ ಮಜ್ಜಿಗೆ ಕುಡಿದರು, ಯಾರಿಗೂ ಹೇಳಲಿಲ್ಲ. ಸ್ಕ್ಯಾನಿಂಗ್, ಬಯಾಪ್ಸಿ ಆದ ಮೇಲೆ ಗೊತ್ತಾಗಿದ್ದು. ಪುಣ್ಯಕ್ಕೆ ಗರ್ಭಕೋಶ ಬಿಟ್ಟು ಹೊರಗೆ ಹರಡಿರಲಿಲ್ಲ, ಆಪರೇಷನ್‌ನಲ್ಲೇ ಮುಗಿಯಿತು. ಮುಟ್ಟು ನಿಂತ ಮೇಲೆ ಒಂದೇ ಒಂದು ಹನಿ ರಕ್ತ ಕಂಡರೂ ಅದೇ ವಾರ ಡಾಕ್ಟರ ಹತ್ತಿರ ಹೋಗಿ. ಎಲ್ಲ ರಕ್ತವೂ ಕ್ಯಾನ್ಸರ್ ಅಲ್ಲ, ಆದರೆ ನೋಡಿಸದೆ ಗೊತ್ತಾಗುವುದಿಲ್ಲ. ಆ ಫ್ಲೆಕ್ಸ್ ನಂಬಿ 'ನಾನು ಗಾಣದ ಎಣ್ಣೆ ತಿನ್ನುತ್ತೇನೆ, ನನಗೇನಾಗುತ್ತೆ' ಅಂತ ಯಾರಾದರೂ ಮನೆಯಲ್ಲೇ ಕೂತುಬಿಟ್ಟರೆ ಅನ್ನುವುದೇ ನನ್ನ ಭಯ.

ಅಂಗಡಿಯವರಿಗೆ ಹೇಳಿದೆ. ಆಹಾರ ಮಾರುವವರು ರೋಗ ತಡೆಯುತ್ತೆ ಅಂತ ಹೀಗೆ ಜಾಹೀರಾತು ಹಾಕುವ ಹಾಗಿಲ್ಲ, ಆಹಾರ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಎಫ್‌ಎಸ್‌ಎಸ್‌ಎಐ 2018ರಲ್ಲೇ ನಿಯಮ ಮಾಡಿದೆ ಅಂತಲೂ ಹೇಳಿದೆ. 'ಪ್ರಿಂಟ್ ಮಾಡೋರು ಹಾಕಿಕೊಟ್ಟಿದ್ದು ಮೇಡಂ' ಅಂದರು. ಜಗಳವಾಡಲಿಲ್ಲ, ಕೇಳಿಸಿಕೊಂಡರು, ತೆಗೆಸ್ತೀನಿ ಅಂದರು. ಮೊನ್ನೆ ಹೋದಾಗಲೂ ಅಲ್ಲೇ ಇತ್ತು.

ಎಣ್ಣೆ ಬೇಕಿದ್ದವರು ಹೋಗಿ, ಬೆಳಿಗ್ಗೆ ಹತ್ತಕ್ಕೆ ಗಾಣ ಶುರುವಾಗುತ್ತೆ, ಸ್ಟೀಲ್ ಕ್ಯಾನ್ ತಗೊಂಡು ಹೋದರೆ ಬಾಟಲಿಯ ದುಡ್ಡು ಕಡಿಮೆ ಮಾಡುತ್ತಾರೆ. ಹೋದಾಗ ಆ ಫ್ಲೆಕ್ಸ್ ತೆಗೆಯಿರಿ ಅಂತ ನೀವೂ ಒಂದು ಮಾತು ಹೇಳಿ. ತೆಗೆದ ದಿನ ಇನ್ನೆರಡು ಸ್ಟಾರ್ ಸೇರಿಸುತ್ತೇನೆ.