ಸ್ಟೋರಿವೀವರ್: ಮಗುವಿನ ಜೊತೆ ಕೂತು ಓದುವವರಿಗೆ

ಬೆಂಗಳೂರಿನ ಮಕ್ಕಳ ಪುಸ್ತಕ ಪ್ರಕಾಶನ ಸಂಸ್ಥೆ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್, ಮಕ್ಕಳ ಕಥೆಗಳ ಡಿಜಿಟಲ್ ಗ್ರಂಥಾಲಯ. ಕಥೆಗಳು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಇರುವುದರಿಂದ ಕನ್ನಡವೂ ಸೇರಿದಂತೆ ಹಲವಾರು ಭಾಷೆಗಳ ಸಚಿತ್ರ ಪುಸ್ತಕಗಳನ್ನು ಹಣ ಕೊಡದೆ ಓದಬಹುದು, ಇಳಿಸಿಕೊಳ್ಳಬಹುದು, ಅನುವಾದಿಸಲೂಬಹುದು. ಐದು ವರ್ಷದೊಳಗಿನ ಮಕ್ಕಳಿರುವ ಮನೆಗೆ ಇದು ಎಷ್ಟು ಒಪ್ಪುತ್ತದೆ ಎಂಬುದಷ್ಟೇ ಇಲ್ಲಿನ ವಿಚಾರ.

ಈ ವಯಸ್ಸಿನ ಮಗು ಭಾವನೆಗಳನ್ನು ಅರಿಯುವುದು ಹತ್ತಿರದವರ ಮುಖ ನೋಡುತ್ತ, ತಾನು ಬೆರಳು ತೋರಿಸಿದ್ದಕ್ಕೆ ಅವರು ಮಾತು ಸೇರಿಸಿದಾಗ, ತನ್ನ ಸಿಟ್ಟಿಗೂ ಹೆದರಿಕೆಗೂ ಅವರು ಹೆಸರಿಟ್ಟು ಹೇಳಿದಾಗ. ಒಂದರ ಹಿಂದೊಂದು ತಾನಾಗಿಯೇ ಓಡುವ ವಿಡಿಯೊಗಳಲ್ಲಿ ಇದಕ್ಕೆ ಬಿಡುವೇ ಸಿಗುವುದಿಲ್ಲ. ಸ್ಟೋರಿವೀವರ್‌ನ ಪುಸ್ತಕಗಳಲ್ಲಿ ನಾವು ಪುಟ ತಿರುಗಿಸುವವರೆಗೆ ಚಿತ್ರ ನಿಂತೇ ಇರುತ್ತದೆ. ನನ್ನ ಮಟ್ಟಿಗೆ ಇದೇ ಇದರ ಅತಿ ದೊಡ್ಡ ಗುಣ. ಚಿತ್ರದ ಹುಡುಗಿ ಯಾಕೆ ಮುಖ ಊದಿಸಿಕೊಂಡಿದ್ದಾಳೆ, ಅವಳ ಜಾಗದಲ್ಲಿ ನೀನಿದ್ದರೆ ಏನು ಮಾಡುತ್ತಿದ್ದೆ ಎಂದು ಕೇಳಿ, ಮಗು ತನಗೆ ತಿಳಿದ ನಾಲ್ಕು ಮಾತುಗಳಲ್ಲಿ ಉತ್ತರ ಜೋಡಿಸುವವರೆಗೆ ನಿಧಾನವಾಗಿ ಕಾಯಬಹುದು. ಪುಟಕ್ಕೆ ಒಂದೆರಡು ಸಾಲಿರುವ ಮೊದಲ ಹಂತದ ಕಥೆಗಳು ಇದಕ್ಕೆ ಹೇಳಿಮಾಡಿಸಿದಂತಿವೆ.

ಧ್ವನಿಯೊಡನೆ ಸಾಗುವ ರೀಡ್‌ಅಲಾಂಗ್ ಪುಸ್ತಕಗಳ ಬಗ್ಗೆ ನನಗೆ ಅಷ್ಟು ಉತ್ಸಾಹವಿಲ್ಲ. ಅಕ್ಷರ ಕಲಿಯುತ್ತಿರುವ ಆರೇಳು ವರ್ಷದವರಿಗೆ ಅವು ನಿಜಕ್ಕೂ ಉಪಯುಕ್ತ. ಚಿಕ್ಕವರ ವಿಷಯದಲ್ಲಿ ಮಾತ್ರ, ಫೋನನ್ನು ಅವರ ಕೈಗಿತ್ತು ದೊಡ್ಡವರು ಎದ್ದುಹೋಗಲು ಅವು ದಾರಿಯಾಗುತ್ತವೆ. ಯಾರು ಬೇಕಾದರೂ ಅನುವಾದಿಸಬಹುದಾದ್ದರಿಂದ ಎಲ್ಲ ಕಥೆಗಳ ಕನ್ನಡವೂ ಒಂದೇ ಮಟ್ಟದ್ದಲ್ಲ. ತಾವು ಮೊದಲೊಮ್ಮೆ ಓದಿ ಆರಿಸುವುದು ಒಳ್ಳೆಯದು. ಓದುವ ಹೊತ್ತಿನಲ್ಲಿ ವಾಟ್ಸಾಪ್ ಸಂದೇಶಗಳ ಸದ್ದನ್ನೂ ನಿಲ್ಲಿಸಿಡಬೇಕು, ಏಕೆಂದರೆ ಮಗುವಿನ ಮಾತು ಅರ್ಧದಲ್ಲಿರುವಾಗ ನಮ್ಮ ಕಣ್ಣು ಅತ್ತ ಹೊರಳಿದರೆ ಅದು ಕೂಡಲೇ ಗಮನಿಸುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿಯ ಪ್ರಕಾರ 2ರಿಂದ 4 ವರ್ಷದ ಮಕ್ಕಳು ಕೂತು ಪರದೆ ನೋಡುವ ಸಮಯ ದಿನಕ್ಕೆ 1 ಗಂಟೆಯನ್ನು ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು. ಕೂತಿರುವ ಹೊತ್ತಿನಲ್ಲಿ ಪಾಲಕರ ಜೊತೆಗಿನ ಓದನ್ನೂ ಕಥೆಯನ್ನೂ ಅದು ಪ್ರೋತ್ಸಾಹಿಸುತ್ತದೆ. ಫೋನಿನಲ್ಲಿ ಓದುವ ಕಥೆಯನ್ನೂ ಆ 1 ಗಂಟೆಯೊಳಗೇ ಸೇರಿಸಬೇಕೆಂದು ನಾನು ಭಾವಿಸುತ್ತೇನೆ. 2 ವರ್ಷಕ್ಕಿಂತ ಚಿಕ್ಕ ಕೂಸಿಗೆ ಪರದೆ ತೋರಿಸುವ ಬದಲು, ಆರಿಸಿದ ಕಥೆಯ ಪಿಡಿಎಫ್ ಇಳಿಸಿಕೊಂಡು ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಬಣ್ಣದಲ್ಲಿ ಮುದ್ರಿಸಿಕೊಳ್ಳುವುದು ಮೇಲು.