ಡೆಪಾ ಎಣ್ಣೆ: ಮೈಗೆ ಸರಿ, ಕೊಟ್ಟಿಗೆಗೆ ಸಾಲದು

ಮಂಗನ ಕಾಯಿಲೆ ಹರಡುವುದು ಉಣುಗು (ಉಣ್ಣೆ) ಕಚ್ಚಿ. ಅದು ಕಚ್ಚದಂತೆ ಮೈಗೆ ಹಚ್ಚಿಕೊಳ್ಳಲು ಈ ಕಾಯಿಲೆ ಬರುವ ಊರುಗಳಲ್ಲಿ ಆಶಾ ಕಾರ್ಯಕರ್ತೆಯರು ಮನೆಗೆ ತಂದುಕೊಡುವ ಡೆಪಾ ಎಣ್ಣೆಗೆ ನಾವು ದುಡ್ಡು ಕೊಡಬೇಕಾಗಿಲ್ಲ. ಅದಕ್ಕೇ ಇರಬೇಕು, ಅದು ಚೆನ್ನಾಗಿದೆಯಾ ಇಲ್ಲವಾ ಅಂತ ಯಾರೂ ಬರೆಯುವುದಿಲ್ಲ. ಸೊಳ್ಳೆ ಬತ್ತಿಯ ಬಗ್ಗೆ ಬೇಕಾದಷ್ಟು ಬರೆದಿರುತ್ತಾರೆ. ನನ್ನದು ಸಾಗರದ ಕಡೆ ಅಡಿಕೆ ತೋಟ, ಅದಕ್ಕೆ ಸೊಪ್ಪು, ತರಗೆಲೆ ತರುವ ಕಾಡು ಅಂದರೆ ಒಂದು ಸೊಪ್ಪಿನ ಬೆಟ್ಟ, ಕೊಟ್ಟಿಗೆಯಲ್ಲಿ ಮಲೆನಾಡು ಗಿಡ್ಡ ದನಗಳು. ಡಿಸೆಂಬರ್‌ನಿಂದ ಮಳೆ ಹಿಡಿಯುವವರೆಗೆ ಈ ಬಾಟಲಿ ಹಿತ್ತಲ ಬಾಗಿಲ ಹತ್ತಿರವೇ ಇರುತ್ತದೆ. ಹಾಗಾಗಿ ನಾಲ್ಕು ಮಾತು ಹೇಳುವಷ್ಟು ಬಳಸಿದ್ದೇನೆ.

ಹಚ್ಚಿದ ಮೇಲೆ ಸ್ವಲ್ಪ ಹೊತ್ತು ಅಂಟಂಟು. ಮುಳ್ಳು ಗೀರಿದ ಜಾಗಕ್ಕೆ ತಗುಲಿದರೆ ಉರಿಯುತ್ತದೆ, ಆ ಜಾಗ ಬಿಟ್ಟು ಹಚ್ಚಿ. ವಾಸನೆ ಇದೆ, ಆದರೆ ತಲೆನೋವು ಬರುವಂಥದ್ದಲ್ಲ. ಮುಂಚೆ ಕೊಡುತ್ತಿದ್ದ ಡಿಎಂಪಿ ಎಣ್ಣೆಗಿಂತ ಇದೇ ವಾಸಿ ಅಂತ ನನ್ನ ಅನಿಸಿಕೆ. ದೊಡ್ಡ ತೊಂದರೆ ಕವಳ (ಎಲೆಯಡಿಕೆ) ಹಾಕುವವರಿಗೆ. ಎಣ್ಣೆ ಹಚ್ಚಿದ ಕೈಯಲ್ಲೇ ಎಲೆಗೆ ಸುಣ್ಣ ಸವರಿದರೆ ಬಾಯೆಲ್ಲ ಕಹಿ. ನಮ್ಮಲ್ಲಿ ಸೊಪ್ಪು ಹೊರಲು ಬರುವ ಅಕ್ಕ ಇದೇ ಕಾರಣಕ್ಕೆ ಕೈಗೆ ಹಚ್ಚಲು ಒಪ್ಪುತ್ತಲೇ ಇರಲಿಲ್ಲ. "ಅಮ್ಮಾ, ಕಾಲಿಗೆ ಬೇಕಾದ್ರೆ ಹಚ್ಕೊಳ್ತೆ, ಕೈ ಮಾತ್ರ ಬ್ಯಾಡ" ಅನ್ನುತ್ತಿದ್ದಳು. ಈಗ ಬೆಟ್ಟಕ್ಕೆ ಹೋಗುವಾಗ ಒಂದು ಬಾಟಲಿ ನೀರು, ಒಂದು ಸೋಪಿನ ಚೂರು ಕಳಿಸುತ್ತೇನೆ. ಎಣ್ಣೆಯ ಜೊತೆಗೆ ಬರುವ ಕರಪತ್ರದಲ್ಲಿ ಕವಳದ ಮಾತೇ ಇಲ್ಲ ನೋಡಿ.

ಎಲ್ಲಿ ಹಚ್ಚಬೇಕು ಅನ್ನುವುದರಲ್ಲೇ ಅರ್ಧ ಗುಟ್ಟಿದೆ. ಜನ ಮುಂಗೈ, ಮುಖ ಅಂತ ಶುರು ಮಾಡುತ್ತಾರೆ. ಉಣುಗು ಹತ್ತುವುದು ಕೆಳಗಿನಿಂದ. ಬೆರಳ ಸಂದು, ಹರಡು, ಮೊಣಕಾಲಿನ ಹಿಂಭಾಗ, ಇವಕ್ಕೆ ಮೊದಲು ಹಚ್ಚಿ. ನಮ್ಮನ್ನು ಜಾಸ್ತಿ ಕಚ್ಚುವುದು ಮರಿ ಉಣುಗು. ರಾಗಿ ಕಾಳಿಗಿಂತ ಚಿಕ್ಕದು, ಸೊಂಟದ ಪಟ್ಟಿಯಲ್ಲಿ ಸೇರಿಕೊಂಡರೆ ಗೊತ್ತೇ ಆಗುವುದಿಲ್ಲ. ಬೆಳಿಗ್ಗೆ ಹಚ್ಚಿದ್ದನ್ನು ನಾನು ಮಧ್ಯಾಹ್ನದ ಊಟದವರೆಗೆ ನೆಚ್ಚುತ್ತೇನೆ. ಬೆವರು ಜಾಸ್ತಿಯಾದರೆ ನಡುವೆ ಇನ್ನೊಮ್ಮೆ. ಮನೆಗೆ ಬಂದ ಕೂಡಲೇ ಬಿಸಿನೀರು, ಸೋಪು ಹಾಕಿ ಸ್ನಾನ. ಉಟ್ಟ ಬಟ್ಟೆಯೂ ಬಿಸಿನೀರಿಗೆ. ಇದನ್ನು ಬಿಟ್ಟು ಎಣ್ಣೆಯೊಂದನ್ನೇ ನಂಬಿದರೆ ಪ್ರಯೋಜನ ಇಲ್ಲ.

ಈ ಎಣ್ಣೆ ಗ್ವಾಲಿಯರ್‌ನಲ್ಲಿರುವ ರಕ್ಷಣಾ ಇಲಾಖೆಯ ಪ್ರಯೋಗಾಲಯದಲ್ಲಿ ಹುಟ್ಟಿದ್ದು. ಕೀಟ ಕಚ್ಚದಂತೆ ಹೊರದೇಶಗಳಲ್ಲಿ ಎಲ್ಲರೂ ಹಚ್ಚಿಕೊಳ್ಳುವ ಡೀಟ್ ಎಂಬ ಔಷಧಿ ತಯಾರಿಸಲು ಬೇಕಾದ ಕಚ್ಚಾ ವಸ್ತು ಇಲ್ಲಿ ಸಿಗುತ್ತಿರಲಿಲ್ಲ. ಅದಕ್ಕೇ ಇದನ್ನು ಕಂಡುಹಿಡಿದರು. ಸೈನಿಕರಿಗೆ ಅಂತ ಮಾಡಿದ ಎಣ್ಣೆ ಈಗ ತರಗೆಲೆ ಗುಡಿಸುವವರ ಕಾಲಿಗೆ ಬಂದಿದೆ.

ಇಷ್ಟೆಲ್ಲ ರಗಳೆ ಯಾಕೆ, ಲಸಿಕೆ ಹಾಕಿಸಿಕೊಂಡರೆ ಆಗದಾ ಅಂತ ಬೆಂಗಳೂರಿನ ನೆಂಟರು ಕೇಳುತ್ತಾರೆ. ಲಸಿಕೆ ಇತ್ತು. 2005ರಿಂದ 2010ರವರೆಗಿನ ಲೆಕ್ಕ ಹಾಕಿ 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಂದೇ ಡೋಸ್ ಹಾಕಿಸಿಕೊಂಡವರಿಗೆ ಏನೂ ರಕ್ಷಣೆ ಕಾಣಲಿಲ್ಲ. ಎರಡು ಡೋಸ್‌ಗೆ ಸುಮಾರು 62 ಶೇಕಡಾ, ಬೂಸ್ಟರ್ ಸೇರಿದರೆ ಸುಮಾರು 83. ಆ ಸೂಜಿಯ ನೋವಿಗೆ ಹೆದರಿ ಎರಡನೇ ಸಲ ಹೋಗದವರು ನಮ್ಮಲ್ಲಿ ಎಷ್ಟೋ ಜನ. 2022ರಲ್ಲಿ ಆ ಲಸಿಕೆಯೂ ನಿಂತಿತು. ಹೊಸದು ಇನ್ನೂ ಪರೀಕ್ಷೆಯ ಹಂತದಲ್ಲಿದೆ. ಅಲ್ಲಿಯವರೆಗೆ ಎಣ್ಣೆಯೇ ಗತಿ. ಕಾಯಿಲೆ ಹತ್ತಿದ ಮೇಲೆ ಇದಕ್ಕೇ ಅಂತ ಬೇರೆ ಔಷಧಿ ಇಲ್ಲ, ಅದನ್ನೂ ನೆನಪಿಡಿ.

ಈಗ ಎಣ್ಣೆ ಕೈಲಾಗದ ಕಡೆಗೆ ಬರೋಣ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗಿನಿಂದ ನಮ್ಮ ತಲೆಯಲ್ಲಿ ಕೂತಿರುವುದು ಮಂಗ. ಆದರೆ 2020ರಲ್ಲಿ ಭಾರತ ಮತ್ತು ಬ್ರಿಟನ್ನಿನ ಸಂಶೋಧಕರು ಸೇರಿ ಯಾವ ಜಾಗದಲ್ಲಿ ಅಪಾಯ ಜಾಸ್ತಿ ಅಂತ ನಕ್ಷೆ ಮಾಡಿದರು. ನಿತ್ಯಹಸಿರು ಕಾಡು, ತೋಟ ಒಂದಕ್ಕೊಂದು ಬೆರೆತಿರುವ ಕಡೆ, ಅದರಲ್ಲೂ ನಾಟಿ ದನ ಹೆಚ್ಚಿರುವ ಕಡೆ ರೋಗಿಗಳು ಸಿಗುವ ಸಾಧ್ಯತೆ ಜಾಸ್ತಿ ಅಂತ ಗೊತ್ತಾಯಿತು. ಓದಿದಾಗ ನಮ್ಮ ಮನೆಯನ್ನೇ ನೋಡಿ ಬರೆದಂತಿತ್ತು. ದನಕ್ಕೆ ಕಾಯಿಲೆ ಬರುವುದಿಲ್ಲ, ಆದರೆ ಬೆಳೆದ ಉಣುಗು ಅದರ ರಕ್ತ ಕುಡಿದು ಮೊಟ್ಟೆ ಇಡುತ್ತದೆ. ಬೆಳಿಗ್ಗೆ ಮೇಯಲು ಬಿಟ್ಟ ದನ ಸಂಜೆ ಬರುವಾಗ ಕಿವಿಯೊಳಗೆ, ಕೆಚ್ಚಲ ಹತ್ತಿರ ಉಣುಗು ಹೊತ್ತು ತರುತ್ತದೆ. ಹಾಲು ಕರೆಯಲು ಎಣ್ಣೆ ಹಚ್ಚಿಕೊಂಡು ಕೂರುವವರು ಯಾರಿದ್ದಾರೆ? ಕರೆಯುವ ಕೈಗೆ ಅದು ಹೊಂದುವುದೂ ಇಲ್ಲ. ದನದ ಬೆನ್ನಿಗೆ ಬಿಡುವ ಉಣುಗಿನ ಔಷಧಿ ಬೇರೆ ಇದೆ, ಅದನ್ನು ಪಶುವೈದ್ಯರ ಹತ್ತಿರ ಕೇಳಿ ಹಾಕಿಸಬೇಕು. ಕೊಟ್ಟಿಗೆಗೆ ಹಾಸಲು ತಂದ ತರಗೆಲೆಯನ್ನು ಅಂಗಳದಲ್ಲಿ ರಾಶಿ ಹಾಕಿ ಅದರ ಮೇಲೆ ಮಕ್ಕಳನ್ನು ಆಡಲು ಬಿಡುವುದಂತೂ ಬೇಡವೇ ಬೇಡ.

ನನ್ನ ದೂರು ಹಂಚುವ ರೀತಿಯ ಮೇಲೆ. ಮನೆಗಿಷ್ಟು ಅಂತ ಸಮ ಹಂಚುತ್ತಾರೆ. ರಸ್ತೆ ಬದಿಯ ಅಂಗಡಿಯವರ ಮನೆಯಲ್ಲಿ ಬಾಟಲಿ ತೆರೆಯದೆ ಧೂಳು ಹಿಡಿದಿರುತ್ತದೆ. ದಿನಾ ಬೆಟ್ಟ ಹತ್ತುವ ಕೂಲಿಯವರ ಮನೆಯಲ್ಲಿ ಜನವರಿಗೇ ಖಾಲಿ. ಹೋದ ವರ್ಷ ನಮ್ಮ ಕಡೆ ಬರುವ ಹೊತ್ತಿಗೆ ಸೊಪ್ಪು ತರುವ ಕೆಲಸ ಅರ್ಧ ಮುಗಿದಿತ್ತು. ಆಶಾ ಅಕ್ಕನನ್ನು ಬೈದು ಉಪಯೋಗವಿಲ್ಲ, ಅವರಿಗೆ ಕೊಟ್ಟಷ್ಟನ್ನು ಅವರು ಹೊತ್ತು ತರುತ್ತಾರೆ. ನವೆಂಬರ್‌ನಲ್ಲೇ ಅವರ ಹತ್ತಿರ ಹೇಳಿಟ್ಟುಕೊಳ್ಳಿ, ನಿಮ್ಮಲ್ಲಿ ಬಳಸದೆ ಉಳಿದಿದ್ದರೆ ಬೆಟ್ಟಕ್ಕೆ ಹೋಗುವವರಿಗೆ ಕೊಟ್ಟುಬಿಡಿ. ಎಣ್ಣೆಗೆ ನಾನು ಐದಕ್ಕೆ ನಾಲ್ಕು ಕೊಡುತ್ತೇನೆ, ಹಂಚಿಕೆಗೆ ಎರಡು.