ಮಂಡಿಪೇಟೆಯ ಫ್ಲೆಕ್ಸ್ ಅಂಗಡಿ: ಬಣ್ಣಕ್ಕೆ ಪೂರ್ತಿ ಅಂಕ, ಬಿರುದಿಗೆ ಅರ್ಧ

ದಾವಣಗೆರೆಯ ಮಂಡಿಪೇಟೆ ಕಡೆಯ ಈ ಡಿಟಿಪಿ-ಫ್ಲೆಕ್ಸ್ ಅಂಗಡಿಯ ಹೆಸರು ಬೇಡ. ಅಚ್ಚು ಚೊಕ್ಕಟ, ಬಣ್ಣ ಗಾಢ, ಹೇಳಿದ ಹೊತ್ತಿಗೆ ಮಾಲು ಕೈಗೆ. ತೊಂದರೆಯೆಲ್ಲ ಕಂಪ್ಯೂಟರಿನಲ್ಲಿ ಕೂರಿಸಿಟ್ಟ ‘ರೆಡಿ ಮ್ಯಾಟರ್’ನದು. ಅತಿಥಿಗಳ ಹೆಸರಿನ ಹಿಂದೆ ಖ್ಯಾತ, ಪ್ರಖ್ಯಾತ, ಹೆಸರಾಂತ, ಸುಪ್ರಸಿದ್ಧ ಎಂದು ಕೈಗೆ ಸಿಕ್ಕಿದ್ದನ್ನು ಎರಚುತ್ತಾರೆ, ಮಂಡಕ್ಕಿಗೆ ಖಾರ ಎರಚಿದ ಹಾಗೆ.

ಈ ಮಾತುಗಳಿಗೆ ಒಂದೊಂದಕ್ಕೂ ಒಂದೊಂದು ಜಾಗವಿದೆ. ‘ಖ್ಯಾತ’ಕ್ಕೆ ಮುಂದೆ ಕಸುಬಿನ ಹೆಸರು ಬೇಕು: ಖ್ಯಾತ ಸಾಹಿತಿ, ಖ್ಯಾತ ವೈದ್ಯ. ಬರೀ ವ್ಯಕ್ತಿಯ ಹೆಸರಿಗೆ ಅಂಟಿಸಿದರೆ ನಿಲ್ಲದು. ‘ಹೆಸರುವಾಸಿ’ಗೆ ಯಾತಕ್ಕೆ ಎಂಬುದು ಬೇಕು: ದಾವಣಗೆರೆ ಬೆಣ್ಣೆದೋಸೆಗೆ ಹೆಸರುವಾಸಿ. ‘ಹೆಸರಾಂತ’ ಎಂದರೆ ಹೆಸರನ್ನು ಆಂತ, ಅಂದರೆ ಹೊತ್ತ. ಅದನ್ನು ‘ಹೆಸರು ಅಂತ’ ಎಂದು ಒಡೆದು ಕೂರಿಸಿದರೆ ಅತಿಥಿಯ ಹೆಸರೇ ಮುಗಿದುಹೋದಂತೆ. ‘ಖ್ಯಾತಿವೆತ್ತ’ವೂ ಒಂದೇ ಪದ, ನಡುವೆ ಜಾಗ ಬಿಡಬಾರದು. ‘ಜನಪ್ರಿಯ’ ಶಾಸಕರಿಗೆ ಒಪ್ಪುತ್ತದೆ, ಸಂಶೋಧಕರಿಗೆ ಅಷ್ಟಾಗಿ ಒಪ್ಪದು. ‘ಮುತ್ಸದ್ದಿ’ಯನ್ನು ಹಿರಿಯ ರಾಜಕಾರಣಿಗಳಿಗೆ ಧಾರಾಳವಾಗಿ ಹಾಕಿ, ಪಾರಸಿ ಭಾಷೆಯಲ್ಲಿ ನಡೆಯುತ್ತಿದ್ದ ಆಡಳಿತದಲ್ಲಿ ಅದು ಗುಮಾಸ್ತನ ಹೆಸರಾಗಿತ್ತು ಎನ್ನುವುದನ್ನು ವೇದಿಕೆಯ ಮೇಲೆ ಯಾರೂ ಕೇಳುವುದಿಲ್ಲ.

ಎಲ್ಲಕ್ಕಿಂತ ಅಪಾಯದ ಪದ ‘ಕೀರ್ತಿಶೇಷ’. ಕೀರ್ತಿ ಮಾತ್ರ ಉಳಿದವರು, ಅಂದರೆ ತೀರಿಕೊಂಡವರು. ತೂಕದ ಮಾತೆಂದು ಬದುಕಿರುವ ಹಿರಿಯರಿಗೆ ಕೂರಿಸಿದರೆ ಫ್ಲೆಕ್ಸ್ ಕಟ್ಟುವ ಮೊದಲೇ ಜಗಳ.

ನವೆಂಬರ್ ಬಂತೆಂದರೆ ಬಿರುದುಗಳು ಅದಲುಬದಲಾಗುತ್ತವೆ. ರಾಷ್ಟ್ರಕವಿ ಎನಿಸಿಕೊಂಡವರು ಮೂವರೇ: ಗೋವಿಂದ ಪೈ, ಕುವೆಂಪು, ಜಿ.ಎಸ್. ಶಿವರುದ್ರಪ್ಪ. ಬೇಂದ್ರೆ ವರಕವಿ. ಕಾದಂಬರಿ ಸಾರ್ವಭೌಮ ಅನಕೃ, ನಟಸಾರ್ವಭೌಮ ರಾಜ್‌ಕುಮಾರ್. ಚಿತ್ರದುರ್ಗದ ಅಭಿಮಾನಕ್ಕೆ ತರಾಸು ಅವರ ಹಿಂದೆ ‘ಕಾದಂಬರಿ ಸಾರ್ವಭೌಮ’ ಎಂದು ಹಾಕಬೇಡಿ. ‘ವೀರವನಿತೆ ಒನಕೆ ಓಬವ್ವ’ದಲ್ಲಿ ವೀರವನಿತೆ ಕೂಡಿಯೇ ಇರಲಿ. ಬಿರುದು ಬಳಕೆಯಲ್ಲಿ ಸವೆದು ಒಂದಕ್ಷರವಾಗುವುದೂ ಉಂಟು: ನಮ್ಮ ಡಿ.ಆರ್.ಎಂ. ಕಾಲೇಜಿನ ‘ಡಿ’ ಎಂದರೆ ಧರ್ಮಪ್ರಕಾಶ, ರಾಜನಹಳ್ಳಿ ಮದ್ದೂರಾಯಪ್ಪನವರ ಬಿರುದು. ಓದುವ ಹುಡುಗರಿಗೆ ಎಷ್ಟು ಜನಕ್ಕೆ ಗೊತ್ತೋ!

‘ಪದ್ಮಶ್ರೀ’ಯನ್ನು ಹೆಸರಿಗೆ ಅಂಟಿಸುವುದಂತೂ ಅಂಗಡಿಯವರಿಗೆ ಅಭ್ಯಾಸವಾಗಿಹೋಗಿದೆ. ಸಂವಿಧಾನದ 18ನೇ ವಿಧಿ ಸರ್ಕಾರ ಬಿರುದು ಕೊಡುವುದನ್ನೇ ತಡೆಯುತ್ತದೆ. ಸೇನೆಯ ಮತ್ತು ವಿದ್ಯೆಯ ಪದವಿಗಳಿಗೆ ಮಾತ್ರ ವಿನಾಯಿತಿ. ಪದ್ಮ ಪ್ರಶಸ್ತಿ ಬಿರುದಲ್ಲ, ಹೆಸರಿನ ಹಿಂದೆ ಮುಂದೆ ಬಳಸಕೂಡದು ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಹಾಗಾಗಿ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ‘ಪದ್ಮಶ್ರೀ ಪುರಸ್ಕೃತರು’ ಎಂದು ಹಾಕಿಸಿ. ನಾಡೋಜ ಹಂಪಿ ಕನ್ನಡ ವಿಶ್ವವಿದ್ಯಾಲಯದ ಗೌರವ ಪದವಿ, ಅದರ ದಾರಿ ಬೇರೆ.

ಸ್ವಾಮೀಜಿಯವರ ಸಾಲು ಈ ಸೀಮೆಯಲ್ಲಿ ಅತಿ ಸೂಕ್ಷ್ಮ. ವೀರಶೈವ-ಲಿಂಗಾಯತ ಮಠಗಳಲ್ಲಿ ವಿರಕ್ತ ಮಠದವರಿಗೆ ‘ಮ.ನಿ.ಪ್ರ.’ (ಮನ್ನಿರಂಜನ ಪ್ರಣವಸ್ವರೂಪಿ), ಶಿವಾಚಾರ್ಯರಿಗೆ ‘ಷ.ಬ್ರ.’ (ಷಟ್‌ಸ್ಥಲ ಬ್ರಹ್ಮಿ). ಅಂಗಡಿಯ ಮಾದರಿಯಲ್ಲಿ ಎಲ್ಲರಿಗೂ ಒಂದೇ. ಮಠದಿಂದಲೇ ಒಕ್ಕಣೆ ತರಿಸಿಕೊಂಡು ಹಾಗೇ ಕೊಡಿ. ‘ದಿವ್ಯ ಸಾನಿಧ್ಯ’ ಅಲ್ಲ, ‘ಸಾನ್ನಿಧ್ಯ’.

ಅಕ್ಷರ ಕೆಡುವುದು ಹೆಚ್ಚಾಗಿ ಫಾಂಟಿನಿಂದ. ನಾವು ವಾಟ್ಸಾಪಿನಲ್ಲಿ ಕಳಿಸುವುದು ಯೂನಿಕೋಡ್, ಅವರು ಕೋರೆಲ್‌ಡ್ರಾದಲ್ಲಿ ಕೂರಿಸುವುದು ‘ನುಡಿ’ ತಂತ್ರಾಂಶದ ಹಳೆಯ ಫಾಂಟ್. ಪರಿವರ್ತಿಸುವಾಗ ‘ಜ್’ ಆದಮೇಲಿನ ಕಣ್ಣಿಗೆ ಕಾಣದ, ಮುಂದಿನ ಅಕ್ಷರ ಒತ್ತಾಗದಂತೆ ತಡೆಯುವ ಝೀರೋ ವಿಡ್ತ್ ನಾನ್ ಜಾಯ್ನರ್ ಬಿದ್ದುಹೋಗಿ ‘ರಾಜ್‌ಕುಮಾರ್’ ಹೋಗಿ ‘ರಾಜ್ಕುಮಾರ್’ ಆಗುತ್ತದೆ. ಅರ್ಕಾವತ್ತೂ ಜಾಗ ತಪ್ಪಬಹುದು. ‘ಪ್ರಸಿದ್ದ’ಕ್ಕೆ ಮಾತ್ರ ಫಾಂಟನ್ನು ದೂರಬೇಡಿ, ಅದು ಕೈತಪ್ಪು; ಧ ಒತ್ತು ಬೇಕು. ಆದ್ದರಿಂದ ಪ್ರೂಫನ್ನು ಮೊಬೈಲಿನಲ್ಲಿ ಮೇಲುಮೇಲೆ ನೋಡಿ ಬಿಡದೆ ಕಾಗದದ ಮೇಲೆ ತೆಗೆಸಿ, ಹೆಸರುಗಳನ್ನು ಕೆಳಗಿನಿಂದ ಮೇಲಕ್ಕೆ ಓದಿ. ಪರಿಚಿತ ಹೆಸರನ್ನು ಕಣ್ಣು ತಾನೇ ಸರಿಮಾಡಿಕೊಂಡು ಮುಂದೆ ಹೋಗುತ್ತದೆ.

ಅಳತೆಯ ಲೆಕ್ಕವನ್ನೂ ಅಂಗಡಿಯವರು ಹೇಳುವುದಿಲ್ಲ. 8×4 ಅಡಿ ಫ್ಲೆಕ್ಸಿನ ಎತ್ತರ 48 ಇಂಚು. ಅರ್ಧ ಭಾವಚಿತ್ರಗಳಿಗೆ ಹೋದರೆ ಉಳಿಯುವುದು 24. ಹನ್ನೆರಡು ಹೆಸರು ಒಂದರ ಕೆಳಗೊಂದು ಬಂದರೆ ತಲಾ 2 ಇಂಚು, ಸಾಲಿನ ಅಂತರ ಕಳೆದರೆ ಅಕ್ಷರ ಒಂದೂಕಾಲು ಇಂಚು. ಹತ್ತು ಅಡಿಗೆ ಒಂದಿಂಚು ಎಂಬ ರೂಢಿಯ ಪ್ರಕಾರ ಹನ್ನೆರಡು ಅಡಿ ದಾಟಿದರೆ ಓದಲಾಗದು. ಪ್ರತಿ ಹೆಸರಿಗೂ ಎರಡೆರಡು ವಿಶೇಷಣ ಬಿದ್ದರೆ ಇನ್ನೂ ಕಿರಿದು. ಆರು ಹೆಸರು, ಒಂದೊಂದೇ ವಿಶೇಷಣ ಎಂದು ಮೊದಲೇ ಬರೆದು ಕೊಡಿ. ಅಷ್ಟು ಕೊಟ್ಟರೆ ಈ ಅಂಗಡಿಯವರು ಅಚ್ಚುಕಟ್ಟಾಗಿ ಮಾಡಿಕೊಡುತ್ತಾರೆ.